ಮೊದಲು ಓದುವುದೋ, ಮೊದಲು ನೋಡುವುದೋ: ನಮ್ಮ ಬಯಲುಸೀಮೆಯ ಮನೆಗಳಿಗೆ ಒಂದು ಹೋಲಿಕೆ

"ಕಾದಂಬರಿ ಸೀರಿಯಲ್ ಆಗಿದೆಯಲ್ಲ, ಇನ್ನು ಓದೋದು ಯಾಕೆ?" ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಗೆಳತಿಯರು ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಅಮ್ಮ ಕೇಳುವುದು ಇದರ ತಿರುವುಮುರುವು: "ಓದಾಯ್ತಲ್ಲ, ಅದೇ ಕಥೆ ಮತ್ತೆ ಯಾಕೆ ನೋಡ್ತೀಯ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಊಟಕ್ಕೆ ಮುಂಚೆ ಸಿಗುವುದು ಒಂದು ಗಂಟೆ. ಆ ಒಂದು ಗಂಟೆಯನ್ನು ಯಾವುದಕ್ಕೆ ಕೊಡಬೇಕು ಅನ್ನುವುದು ಸಣ್ಣ ವಿಷಯವಲ್ಲ.

ಇತ್ತೀಚೆಗೆ ನಾನು ಓದಿದ್ದನ್ನೂ ನೋಡಿದ್ದನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದಾಗ ಒಂದು ಅಳತೆ ಸಿಕ್ಕಿತು. ಕಥೆಯ ತೂಕ ಎಲ್ಲಿದೆ ಎಂದು ಮೊದಲು ನೋಡಿ. ಲೇಖಕರು ಹೇಳುವ ರೀತಿಯಲ್ಲಿ, ವಾಕ್ಯದಲ್ಲಿ ಇದ್ದರೆ ಪುಸ್ತಕ ಮೊದಲು. ಮನುಷ್ಯರ ಮುಖದಲ್ಲಿ, ಎದುರುಬದುರು ನಿಂತು ಆಡುವ ಮಾತಿನಲ್ಲಿ ಇದ್ದರೆ ಟಿವಿ ಮೊದಲು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ, ಗಟ್ಟಿಯಾಗಿ ಓದಿ ಹೇಳುವುದು. ನಮ್ಮ ಮನೆಗಳಲ್ಲಿ ಅದು ಬಿಟ್ಟುಹೋಗಿದೆ. ಈ ಬರಹದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಅದನ್ನೇ.

ಗೃಹಭಂಗ: ಪುಸ್ತಕ ಮೊದಲು, ಅನುಮಾನವೇ ಬೇಡ

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಮೇಲೆ 'ಗೃಹಭಂಗ'ವನ್ನು ಮತ್ತೆ ಕೈಗೆತ್ತಿಕೊಂಡೆ. 1970ರಲ್ಲಿ ಬಂದ ಕಾದಂಬರಿ. ಕಥೆ ನಡೆಯುವುದು ಹಳೆಯ ಮೈಸೂರು ಸಂಸ್ಥಾನದ ತಿಪಟೂರು, ಚನ್ನರಾಯಪಟ್ಟಣ ಸೀಮೆಯಲ್ಲಿ. ಭೈರಪ್ಪನವರ ಹುಟ್ಟೂರು ಸಂತೇಶಿವರವೂ ಚನ್ನರಾಯಪಟ್ಟಣ ತಾಲ್ಲೂಕಿನದೇ. ಇದನ್ನೇ ಗಿರೀಶ್ ಕಾಸರವಳ್ಳಿಯವರು ಧಾರಾವಾಹಿಯಾಗಿ ನಿರ್ದೇಶಿಸಿದ್ದಾರೆ. ಹೀಗೆ ಕನ್ನಡದ ದೊಡ್ಡ ಕಾದಂಬರಿಕಾರರೊಬ್ಬರ ಕೃತಿ, ದೊಡ್ಡ ನಿರ್ದೇಶಕರೊಬ್ಬರ ಕೈಯಲ್ಲಿ ಟಿವಿಗೆ ಬಂದಿರುವಾಗ ಯಾವುದನ್ನು ಮೊದಲು ಹಿಡಿಯಬೇಕು?

ನಮ್ಮ ಜಿಲ್ಲೆಯವರಾದರೆ ಪುಸ್ತಕವನ್ನೇ ಹಿಡಿಯಿರಿ. ಮೊದಲ ಕಾರಣ ಭಾಷೆ. ಕಥೆಯ ನಾಯಕಿ ನಂಜಮ್ಮನ ಅತ್ತೆ ಗಂಗಮ್ಮನ ಬಾಯಲ್ಲಿ ಬರುವ ಬೈಗುಳಗಳು, ಊರ ಜನ ಹೊಲದ ಬಗ್ಗೆ, ಸಾಲದ ಬಗ್ಗೆ ಆಡುವ ಮಾತು ತಿಪಟೂರು ಕಡೆಯ ಹಳಬರ ಬಾಯಲ್ಲಿ ನಾವು ಕೇಳಿ ಬೆಳೆದ ಮಾತೇ. ಅದು ಅಚ್ಚಿನಲ್ಲಿ ಹಾಗೇ ಕೂತಿದೆ. ಕುಟುಂಬದವರೆಲ್ಲ ಕೂತು ನೋಡುವ ಟಿವಿಗೆ ಆ ಬಾಯಿಯನ್ನು ಪೂರ್ತಿ ತರುವುದು ಸಾಧ್ಯವಿಲ್ಲ. ಬೈಗುಳ ತೆಗೆದರೆ ಗಂಗಮ್ಮ ಬರಿಯ ಕೆಟ್ಟ ಅತ್ತೆಯಾಗಿ ಉಳಿಯುತ್ತಾಳೆ. ಪುಸ್ತಕದಲ್ಲಿ ಆ ಬೈಗುಳವೇ ಅವಳ ಬದುಕು. ಗಂಡ ಸತ್ತ ಹೆಂಗಸು ಊರಿನ ಎದುರು ನಿಲ್ಲಲು ಹಿಡಿದ ಏಕೈಕ ದೊಣ್ಣೆ ಅದು ಎಂದು ಓದುತ್ತಾ ಓದುತ್ತಾ ಅರಿವಾಗುತ್ತದೆ.

ಎರಡನೆಯ ಕಾರಣ ಲೆಕ್ಕ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ಅವಳು. ಗೆರೆ ಹಾಕಿ, ಅಂಕಿ ಕೂಡಿಸಿ, ಗಂಡನ ಕೆಲಸವನ್ನು ತಾನು ಮಾಡಿ, ಅದರಿಂದ ಬರುವ ಕಾಸನ್ನು ಅವನ ಕೈಯಿಂದ ಉಳಿಸಿಕೊಂಡು ಮಕ್ಕಳಿಗೆ ಅನ್ನ ಹಾಕಬೇಕು. ಮುತ್ತುಗದ ಎಲೆ ಹಚ್ಚಿ ಮಾರುವುದೂ ಅವಳ ಸಂಪಾದನೆಯ ಒಂದು ಬಾಬತ್ತು. ಎಷ್ಟು ರಾಗಿ ಇದೆ, ಎಷ್ಟು ದಿನಕ್ಕೆ ಬರುತ್ತದೆ, ಯಾರಿಗೆ ಎಷ್ಟು ಕೊಡಬೇಕು ಎಂಬ ಚಿಂತೆ ಪುಟದ ಮೇಲೆ ಪುಟವಾಗಿ ಕೂಡುತ್ತಾ ಹೋಗುತ್ತದೆ. ಓದುಗರಿಗೂ ಆ ಭಾರ ಅಷ್ಟಷ್ಟೇ ಏರುತ್ತದೆ. ತೆರೆಯ ಮೇಲೆ ಒಬ್ಬ ನಟಿ ದೀಪದ ಬೆಳಕಿನಲ್ಲಿ ಕೂತು ಬರೆಯುವುದನ್ನು ಒಂದು ನಿಮಿಷ ತೋರಿಸಬಹುದು. ವರ್ಷಗಟ್ಟಲೆ ಬರೆದ ಆಯಾಸವನ್ನು ತೋರಿಸುವುದು ಕಷ್ಟ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಭೈರಪ್ಪನವರ ನಿರೂಪಣೆ ಅಳುವುದಿಲ್ಲ. ಪ್ಲೇಗಿನ ಪುಟಗಳನ್ನು ನೋಡಿ. ನಮ್ಮ ಕಡೆ ಹಿಂದೆ 'ಇಲಿ ಬಿತ್ತು' ಎಂದರೆ ಜನ ಊರು ಖಾಲಿ ಮಾಡಿ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ನಂಜಮ್ಮನ ಮನೆಗೆ ಆಗುವುದನ್ನು ಲೇಖಕರು ಪಂಚನಾಮೆಯಂಥ ಸರಳ ವಾಕ್ಯಗಳಲ್ಲಿ ಬರೆದುಬಿಡುತ್ತಾರೆ. ಒಂದು ವಿಶೇಷಣ ಹೆಚ್ಚಿಲ್ಲ. ತೆರೆಯ ಮೇಲೆ ಮುಖ ಕಾಣುತ್ತದೆ, ದನಿ ಕೇಳುತ್ತದೆ, ನಾವು ಅತ್ತು ಹಗುರಾಗುತ್ತೇವೆ. ಪುಸ್ತಕ ಹಗುರಾಗಲು ಬಿಡುವುದಿಲ್ಲ. ಮುಚ್ಚಿಟ್ಟು ಅಡುಗೆಮನೆಗೆ ಹೋದರೂ ಜೊತೆಗೇ ಬರುತ್ತದೆ. ಧಾರಾವಾಹಿಯನ್ನು ಮೊದಲು ನೋಡಿದವರಿಗೆ ಈ ಅನುಭವದ ಅರ್ಧ ಕೈತಪ್ಪುತ್ತದೆ, ಏಕೆಂದರೆ ಏನಾಗುತ್ತದೆ ಎಂಬುದು ಗೊತ್ತಿದ್ದವರು ಆ ವಾಕ್ಯಗಳನ್ನು ಬೇಗ ಬೇಗ ದಾಟಿಬಿಡುತ್ತಾರೆ.

ಹಾಗಾದರೆ ಧಾರಾವಾಹಿ ಬೇಡವೇ? ಖಂಡಿತ ಬೇಕು, ಆಮೇಲೆ. ಕಾಸರವಳ್ಳಿಯವರ ಕ್ಯಾಮೆರಾ ಅವಸರ ಮಾಡುವುದಿಲ್ಲ. ಆ ಕಾಲದ ಮನೆಯ ಒಳಗು, ಕತ್ತಲೆ, ಹೆಂಗಸರು ಕೂರುವ ಜಾಗ, ಗಂಡಸರು ಕೂರುವ ಜಾಗ, ಇವನ್ನೆಲ್ಲ ಇಂದಿನ ಮಕ್ಕಳು ಓದಿ ಊಹಿಸಿಕೊಳ್ಳಲಾರರು. ಇನ್ನೊಂದು ವಿಷಯ: ಓದುವಾಗ ನನಗೆ ಚೆನ್ನಿಗರಾಯನ ಮೇಲೆ ಬರಿಯ ಸಿಟ್ಟಿತ್ತು. ತೆರೆಯ ಮೇಲೆ ಒಬ್ಬ ಮನುಷ್ಯ ಮೈಕೈ ತುಂಬಿಕೊಂಡು ಊಟಕ್ಕೆ ಕೂತಾಗ, ಇವನನ್ನು ಹೀಗೆ ಬೆಳೆಸಿದ್ದು ಯಾರು ಎಂಬ ಪ್ರಶ್ನೆ ಎದ್ದಿತು. ಅದು ನೋಟದಿಂದ ಮಾತ್ರ ಸಿಗುವ ಲಾಭ. ಅಮ್ಮನ ಜೊತೆ ಕೂತು ನೋಡಿದರೆ ಇನ್ನೂ ಒಂದು ಲಾಭ. "ಇಂಥ ಅತ್ತೇರು ನಮ್ಮೂರಲ್ಲೂ ಇದ್ರು ಕಣೆ" ಎಂದು ಶುರುಮಾಡಿ, ಪುಸ್ತಕದಲ್ಲೂ ಇಲ್ಲದ ಕಥೆ ಹೇಳುತ್ತಾರೆ.

ಅತ್ತೆ ಸೊಸೆ: ದಿನದ ಸೀರಿಯಲ್ಲೋ, ಮಾಸ್ತಿಯವರ ಮಂಗಮ್ಮನೋ

ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಓಡುವ ಧಾರಾವಾಹಿಗಳನ್ನು ಓದುವವರು ಕೀಳಾಗಿ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಅವು ಯಾಕೆ ಹಾಗಿವೆ ಎಂಬುದಕ್ಕೆ ಕಾರಣಗಳಿವೆ. ಅರ್ಧ ಗಂಟೆಯ ಹೊತ್ತಿನಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷದ ಆಚೀಚೆ. ಮುಗಿಯುವ ದಿನ ಮೊದಲೇ ಗೊತ್ತಿರುವುದಿಲ್ಲ. ವಾರವಾರ ಬರುವ ಟಿಆರ್‌ಪಿ ನೋಡಿ ಪಾತ್ರವೊಂದು ಬೆಳೆಯುತ್ತದೆ, ಇನ್ನೊಂದು ಊರು ಬಿಟ್ಟುಹೋಗುತ್ತದೆ. ಹಾಗಾಗಿ ಪ್ರತಿ ಕಂತೂ ನಾಳೆಗೆ ಏನನ್ನಾದರೂ ನೇತುಹಾಕಿಯೇ ಮುಗಿಯಬೇಕು. ಮುಖ್ಯವಾಗಿ, ನೋಡುವವರ ಕೈ ಬಿಡುವಾಗಿರುವುದಿಲ್ಲ. ಅವರೆಕಾಯಿ ಕಾಲದಲ್ಲಿ ನಮ್ಮ ಬೀದಿಯ ಯಾವ ಮನೆಗೆ ಹೋದರೂ ಟಿವಿ ಮುಂದೆ ಮೊರ ಇಟ್ಟುಕೊಂಡು ಕಾಯಿ ಸುಲಿಯುವವರು, ನೆನೆಸಿದ ಕಾಳು ಹಿದುಕುವವರು ಕೂತಿರುತ್ತಾರೆ. ಕಣ್ಣು ಮೊರದ ಮೇಲೆ, ಕಿವಿ ಟಿವಿ ಮೇಲೆ. ಸೀರಿಯಲ್ಲಿನಲ್ಲಿ ಪಾತ್ರಗಳು ಮನಸ್ಸಿನಲ್ಲಿದ್ದುದನ್ನೆಲ್ಲ ಬಾಯಿಬಿಟ್ಟು ಹೇಳುವುದು ಇಂಥ ಕಿವಿಗಾಗಿ. ನಾಲ್ಕು ದಿನ ತಪ್ಪಿಸಿಕೊಂಡರೂ ಕಥೆ ಸಿಗುತ್ತದೆ, ಭಾನುವಾರದ ಮಹಾಸಂಚಿಕೆಯೂ ಇರುತ್ತದೆ. ದಣಿದವರಿಗೆ ಇದು ಸಣ್ಣ ಸಹಾಯವಲ್ಲ.

ಆದರೆ ಅತ್ತೆ ಸೊಸೆ ಜಗಳವೇ ವಿಷಯವಾದರೆ ಅದಕ್ಕಿಂತ ಚೆನ್ನಾದದ್ದು ಕನ್ನಡದಲ್ಲಿ ಇದೆ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಮೊಸರಿನ ಮಂಗಮ್ಮ'. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವ ಹೆಂಗಸು, ತಾನು ಮೊಸರು ಹಾಕುವ ಮನೆಯ ಗೃಹಿಣಿಯ ಹತ್ತಿರ ತನ್ನ ಮನೆಯ ಕಥೆ ಹೇಳಿಕೊಳ್ಳುತ್ತಾಳೆ. ಮೊಮ್ಮಗನನ್ನು ಸೊಸೆ ಹೊಡೆದಳು ಎಂಬಲ್ಲಿ ಹತ್ತಿದ ಜಗಳ, ಬೇರೆ ಒಲೆ, ಒಂಟಿತನ, ಕೊನೆಗೆ ಆ ಮೊಮ್ಮಗನೇ ದಾರಿಯಾಗಿ ಎರಡು ಮನೆ ಮತ್ತೆ ಕೂಡುವುದು. ಇಷ್ಟೂ ಕೆಲವೇ ಪುಟಗಳಲ್ಲಿ. ಸೀರಿಯಲ್ಲಿನಲ್ಲಿ ಇಬ್ಬರಲ್ಲಿ ಒಬ್ಬರು ಕೆಟ್ಟವರಾಗಲೇಬೇಕು, ಇಲ್ಲದಿದ್ದರೆ ನಾಳಿನ ಕಂತಿಗೆ ಏನೂ ಉಳಿಯುವುದಿಲ್ಲ. ಮಾಸ್ತಿಯವರಲ್ಲಿ ಅತ್ತೆಯ ಮಾತೂ ಸರಿ, ಸೊಸೆಯ ಮಾತೂ ಸರಿ. ಮಗನಾದವನನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಇಬ್ಬರಿಗೂ ಇದೆ, ಇಬ್ಬರದೂ ಮನುಷ್ಯಸಹಜ. ಅಷ್ಟು ಹೇಳಲು ಅವರಿಗೆ ಒಂದೇ ಒಂದು ಖಳ ಪಾತ್ರ ಬೇಕಾಗಿಲ್ಲ.

ಈ ಕಥೆಯನ್ನು ಒಬ್ಬರೇ ಮೌನವಾಗಿ ಓದಬೇಡಿ, ಗಟ್ಟಿಯಾಗಿ ಓದಿ. ಇಡೀ ಕಥೆ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುವ ಮಾತಾಗಿರುವುದರಿಂದ ದನಿಗೆ ಹಾಗೇ ಒಗ್ಗುತ್ತದೆ. ಕಾಳು ಹಿದುಕುವವರ ಪಕ್ಕ ಕೂತು ಓದಿದೆ. ಅಮ್ಮನೂ ಪಕ್ಕದ ಮನೆಯ ಅಜ್ಜಿಯೂ ಕೈ ನಿಲ್ಲಿಸದೆ ಕೇಳಿದರು. ನಡುವೆ ನಾನು ನೀರು ಕುಡಿಯಲು ಎದ್ದಾಗ "ಆಮೇಲೇನಾಯ್ತು, ಓದು" ಎಂದು ಅಜ್ಜಿ ಅವಸರಪಡಿಸಿದರು. ಸೀರಿಯಲ್ ಕೊಡುವುದೆಲ್ಲ ಇಲ್ಲೂ ಸಿಕ್ಕಿತು: ಜೊತೆ, ಕಿವಿಗೆ ಕಥೆ, ಮುಂದೇನು ಎಂಬ ಕುತೂಹಲ. ಮುಗಿದ ಮೇಲೆ ಸೊಸೆಯ ಪರ ಒಬ್ಬರು, ಮಂಗಮ್ಮನ ಪರ ಒಬ್ಬರು ವಾದ ಮಾಡಿದ್ದು ಹೆಚ್ಚಿನದು.

ಅದೇ ಮಾಸ್ತಿಯವರ 'ಚಿಕವೀರ ರಾಜೇಂದ್ರ'ಕ್ಕೆ ಈ ಉಪಾಯ ನಡೆಯದು. 1983ರ ಜ್ಞಾನಪೀಠ ತಂದುಕೊಟ್ಟ, ಕೊಡಗಿನ ಕೊನೆಯ ಅರಸನ ಈ ಕಾದಂಬರಿ ದೊಡ್ಡದು, ಪಾತ್ರಗಳು ಬಹಳ. ಅದಕ್ಕೆ ರಜಾದಿನದ ಮಧ್ಯಾಹ್ನಗಳು ಬೇಕು.

ಕೋರ್ಟು, ರಾಜಕೀಯ, ಮಾತಿನ ಜಟಾಪಟಿ: ನೋಡುವುದೇ ಮೊದಲು

ಗೌರಿಬಿದನೂರಿನಲ್ಲಿ ವಕೀಲಿಕೆ ಮಾಡಿದ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕಥೆಯ ತೂಕ ಮಾತಿನಲ್ಲಿದೆ. 1998ರಲ್ಲಿ ದೂರದರ್ಶನದ ಚಂದನದಲ್ಲಿ ಬಂದ 'ಮಾಯಾಮೃಗ', ಆಮೇಲಿನ 'ಮನ್ವಂತರ', 'ಮುಕ್ತ' ಇವೆಲ್ಲ ಮಧ್ಯಮವರ್ಗದ ಮನೆಯ ಜಗಲಿಯಿಂದ ಕೋರ್ಟಿನ ಕಟಕಟೆವರೆಗೆ ನಡೆಯುವ ಕಥೆಗಳು. ಪಾಟೀಸವಾಲಿನ ಹೊತ್ತಿಗೆ ಸಾಕ್ಷಿಯ ಮುಖ ಒಂದು ಕ್ಷಣ ಬದಲಾಗುವುದು, ವಕೀಲರು ಮುಂದಿನ ಪ್ರಶ್ನೆಗೆ ಮುಂಚೆ ಸುಮ್ಮನಿರುವುದು ಕಣ್ಣಿಗೆ ಕಾಣಬೇಕು. ಬರೆದಿಟ್ಟರೆ ಅದು ಬರೀ ಪ್ರಶ್ನೋತ್ತರ. ದಿನದ ಧಾರಾವಾಹಿಯಲ್ಲೂ ಸಾವಕಾಶವಾಗಿ ಯೋಚಿಸುವ ಪಾತ್ರಗಳನ್ನು ಇಡಬಹುದು ಎಂಬುದಕ್ಕೆ ಇವು ಸಾಕ್ಷಿ. ಅದಕ್ಕೇ ನನಗೆ ಇವುಗಳ ಮೇಲೆ ಗೌರವ.

ಸೀತಾರಾಮ್ ಅವರೇ 2001ರಲ್ಲಿ ಭೈರಪ್ಪನವರ 'ಮತದಾನ'ವನ್ನು ಸಿನಿಮಾ ಮಾಡಿದರು. ಒಂದೇ ಸಂಜೆ ಇದ್ದರೆ ಸಿನಿಮಾ ಸಾಕು ಎನ್ನುತ್ತೇನೆ. ಹಳ್ಳಿ ಚುನಾವಣೆಯ ಬಿಸಿ ಜನರ ಗುಂಪು ಕಂಡಾಗಲೇ ತಟ್ಟುವುದು.

ಮಾಲ್ಗುಡಿ, ಮಲೆನಾಡು

ಮಕ್ಕಳಿರುವ ಮನೆಗೆ ನನ್ನ ಮೊದಲ ಆಯ್ಕೆ 'ಮಾಲ್ಗುಡಿ ಡೇಸ್', ಅದೂ ಟಿವಿಯದು. ಆರ್.ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಶಂಕರನಾಗ್ ಅದನ್ನು ಎಂಬತ್ತರ ದಶಕದಲ್ಲಿ ಆಗುಂಬೆಗೆ ತಂದು ಚಿತ್ರಿಸಿದರು; ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಗೆರೆಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಒಂದು ಕಂತು ಸುಮಾರು 22 ನಿಮಿಷ. ಹಿಂದಿಯ ಮಾತು ಚಿಕ್ಕ ಮಕ್ಕಳಿಗೆ ಪೂರ್ತಿ ತಿಳಿಯದಿದ್ದರೂ ತೊಂದರೆಯಿಲ್ಲ. ಹೋಂವರ್ಕಿನ ಭಯ, ಅಪ್ಪನ ಕೋಪ, ಗೆಳೆಯ ಊರು ಬಿಟ್ಟು ಹೋಗುವ ಸಂಕಟ ಮುಖದಲ್ಲೇ ಇದೆ. ನೋಡಿದ ಮೇಲೆ ದೊಡ್ಡ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಕೊಡಿ. ಆಗ ವಾಕ್ಯ ತೊಡಕಾದರೂ ಕಥೆ ಕೈಬಿಡುವುದಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ವಿಷಯ ಬೇರೆ. ಸಿ. ಬಸವಲಿಂಗಯ್ಯನವರು ಮೈಸೂರು ರಂಗಾಯಣಕ್ಕಾಗಿ 2010ರಲ್ಲಿ ಇದನ್ನು ಬಯಲಿನಲ್ಲಿ ರಾತ್ರಿಯಿಡೀ ನಡೆಯುವ, ಒಂಬತ್ತು ಗಂಟೆಯ ನಾಟಕ ಮಾಡಿದರು. ರಂಗರೂಪ ಕೋಲಾರ ಜಿಲ್ಲೆಯವರೇ ಆದ ಕೆ.ವೈ. ನಾರಾಯಣಸ್ವಾಮಿಯವರದು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ನಡೆಯಿತು. ಪುಸ್ತಕದ ಗಾತ್ರ ನೋಡಿ ಹಿಂಜರಿದವರು ಎಂದಾದರೂ ಆ ನಾಟಕ ಮತ್ತೆ ನಡೆದರೆ ಮೊದಲು ಅಲ್ಲಿಗೆ ಹೋಗಲಿ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಷ್ಟೊಂದು ಪಾತ್ರಗಳ ಹೆಸರು, ಯಾರು ಯಾರ ಮನೆಯವರು ಎಂಬುದು ಮನಸ್ಸಿಗೆ ಇಳಿದಿರುತ್ತದೆ. ಆಮೇಲೆ ಪುಸ್ತಕ ತೆರೆದರೆ ಕಾಡು ಮಾತ್ರ ಹೊಸದು. ಬಯಲುಸೀಮೆಯಲ್ಲಿ ಹುಟ್ಟಿ, ಮಳೆ ಎಂದರೆ ಮುಗಿಲು ನೋಡಿ ಕಾಯುವುದು ಎಂದು ತಿಳಿದ ನಮಗೆ ಆ ಮಳೆ, ಆ ಜಿಗಣೆ, ಆ ಕತ್ತಲು ವಾಕ್ಯದಲ್ಲೇ ಸಿಗಬೇಕು. ಯಾವ ರಂಗವೂ ಅಷ್ಟು ಮಳೆ ಸುರಿಸಲಾರದು.

ಮನೆಯಲ್ಲಿ ತೆಲುಗು ಮಾತಾಡುವವರಿಗೆ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಸಂಜೆ ಟಿವಿಯಲ್ಲೂ ತೆಲುಗು ವಾಹಿನಿಯೇ. ಇಂಥ ಮನೆಯ ಮಕ್ಕಳಿಗೆ ಕನ್ನಡ ಅಂದರೆ ಪಠ್ಯಪುಸ್ತಕ, ಪರೀಕ್ಷೆ. ಅವರ ಕೈಗೆ ನೇರವಾಗಿ ದಪ್ಪ ಕಾದಂಬರಿ ಕೊಡುವುದು ನ್ಯಾಯವಲ್ಲ. ಮೊದಲು ಕಿವಿಗೆ ಕನ್ನಡ ಬೀಳಲಿ. ಹಳೆಯ ಚಂದನದ ಧಾರಾವಾಹಿ ಆಗಬಹುದು, ಮನೆಯಲ್ಲಿ ಯಾರಾದರೂ ಓದಿ ಹೇಳುವ ಸಣ್ಣಕಥೆ ಆದರೆ ಇನ್ನೂ ಒಳ್ಳೆಯದು. ಮಾಸ್ತಿಯವರ ಮನೆಮಾತು ತಮಿಳು, ಸುತ್ತಲಿನ ಸೀಮೆಯಲ್ಲಿ ತೆಲುಗು. ಅಲ್ಲಿಂದ ಬಂದವರು ಬರೆದ ಕನ್ನಡ ಎಷ್ಟು ತಿಳಿಯಾಗಿದೆ ಎಂಬುದನ್ನು ಆ ಮಕ್ಕಳಿಗೆ ಹೇಳಬೇಕು. ಕನ್ನಡ ನಿಮ್ಮದೂ ಹೌದು ಎಂಬ ಭರವಸೆ ಅದರಿಂದ ಬರುತ್ತದೆ. ಕೋಲಾರದವರಾದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ 'ಹುಣ್ಣಿಮೆ ಹಾಡು' ಕಾರ್ಯಕ್ರಮಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ಹಾಡು, ನಾಟಕ ಕೇಳಿದ ಕಿವಿ ಓದಿಗೆ ಬೇಗ ತೆರೆಯುತ್ತದೆ.

ರೈಲು, ಗ್ರಂಥಾಲಯ, ಫೋನು

ತುಮಕೂರು–ಬೆಂಗಳೂರು ರೈಲಿನಲ್ಲಿ ಫೋನಿನಲ್ಲಿ ಸೀರಿಯಲ್ ನೋಡುವವರು ಬಹಳ. ಸೀಟು ಸಿಕ್ಕವರಿಗೆ ನನ್ನ ಸಲಹೆ ಪುಸ್ತಕ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ ದಾಟುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ, ನೆಟ್‌ವರ್ಕ್ ಹೋದರೂ ಪುಟ ನಿಲ್ಲುವುದಿಲ್ಲ. ನಿಂತು ಹೋಗುವವರಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುವುದೇ ಅನುಕೂಲ. ಒಂದು ಕೈ ಕಂಬಿಗೆ ಬೇಕಲ್ಲ. ಗೃಹಭಂಗವನ್ನು ಮಾತ್ರ ರೈಲಿಗೆ ತರಬೇಡಿ ಎಂದು ಅನುಭವದಿಂದ ಹೇಳುತ್ತೇನೆ. ಪ್ಲೇಗಿನ ಪುಟಗಳಲ್ಲಿರುವಾಗ ಯಶವಂತಪುರದಲ್ಲಿ ಇಳಿದು ಕೆಲಸಕ್ಕೆ ಹೋಗುವುದು ಬಹಳ ಕಷ್ಟ.

ಕೊಳ್ಳಲೇಬೇಕೆಂದಿಲ್ಲ. ಪಟ್ಟಣದವರು ಮನೆಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಇರುವ ವ್ಯವಸ್ಥೆ ಇದು. ನಮ್ಮ ದುಡ್ಡಿನ ಪುಸ್ತಕಗಳು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿವೆ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಶುರುವಾದ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಉಚಿತ, ಫೋನಿನಲ್ಲೇ ತೆರೆಯುತ್ತದೆ. ಆದರೆ ಅಪ್ಪ ಅಮ್ಮಂದಿರ ಕಣ್ಣಿಗೆ ಫೋನಿನ ಅಕ್ಷರ ಕಷ್ಟ. ಅವರಿಗೆ ಅಚ್ಚಿನ ಪುಸ್ತಕವೇ ತನ್ನಿ, ಅಥವಾ ಓದಿ ಹೇಳಿ.

ಎಲ್ಲಿಂದ ಶುರುಮಾಡುವುದು ಎಂದು ಕೇಳಿದರೆ ನನ್ನ ಸರದಿ ಹೀಗೆ: ಈ ವಾರ ಮನೆಯವರಿಗೆ ಮೊಸರಿನ ಮಂಗಮ್ಮನನ್ನು ಓದಿ ಹೇಳಿ. ಶನಿವಾರ ಮಕ್ಕಳ ಜೊತೆ ಮಾಲ್ಗುಡಿಯ ಎರಡು ಕಂತು. ಗೃಹಭಂಗವನ್ನು ಗ್ರಂಥಾಲಯದಿಂದ ತಂದು ಮುಗಿಸಿದ ಮೇಲೆ ಧಾರಾವಾಹಿ ಹಾಕಿ, ಆ ಕಾಲ ಕಂಡ ಹಿರಿಯರು ಯಾರಾದರೂ ಬೀದಿಯಲ್ಲಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ.